ಕಾಡಂಚಿನ ಹೊಲಗಳ ಕಾವಲು ಅಟ್ಟಣೆಗೆ ಸೌರವಿದ್ಯುತ್ ಹಾಗೂ ಅಗತ್ಯ ಸೌಕರ್ಯಗಳು

ಪೀಠಿಕೆ

ರಾಜ್ಯದ ಕಾಡಂಚಿನ ಗ್ರಾಮಗಳಲ್ಲಿ ಬೆಳೆ ತೆನೆಗಟ್ಟುವ ಕಾಲವೆಂದರೆ ರೈತನಿಗೆ ನಿದ್ದೆಯಿಲ್ಲದ ಕಾಲ. ಗುಂಡ್ಲುಪೇಟೆ, ಹನೂರು, ಎಚ್.ಡಿ. ಕೋಟೆ ಭಾಗದ ರಾಗಿ, ಮೆಕ್ಕೆಜೋಳ ಹಾಗೂ ಅವರೆ ಹೊಲಗಳಿಗೆ, ಮಲೆನಾಡಿನ ಭತ್ತದ ಗದ್ದೆಗಳಿಗೆ, ಹಳಿಯಾಳ ಮತ್ತು ಖಾನಾಪುರ ಸೀಮೆಯ ಕಬ್ಬಿನ ತೋಟಗಳಿಗೆ ಕಾಡುಹಂದಿ, ಜಿಂಕೆ, ಕಡವೆ ಹಾಗೂ ಕೆಲವೆಡೆ ಆನೆಗಳು ರಾತ್ರಿ ವೇಳೆ ಇಳಿಯುತ್ತವೆ. ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ನೆಲಕಚ್ಚುವುದುಂಟು. ಆದ್ದರಿಂದ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿ ಕಾಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಮಲೆನಾಡಿನಲ್ಲಿ ಇದನ್ನು ಮಾಳವೆಂದೂ, ಬಯಲುಸೀಮೆಯ ಕೆಲವೆಡೆ ಮಂಚಿಕೆಯೆಂದೂ ಕರೆಯುತ್ತಾರೆ.

ಅಟ್ಟಣೆಯ ಮೇಲೆ ಕುಳಿತ ವ್ಯಕ್ತಿ ಸತತ ಹಲವು ವಾರ ಚಳಿ, ಸೊಳ್ಳೆ, ಮಳೆ ಹಾಗೂ ಕತ್ತಲೆಯೊಡನೆ ಹೆಣಗಬೇಕಾಗುತ್ತದೆ. ನಿದ್ದೆಗೆಟ್ಟ ಕಾವಲುಗಾರನು ಬೆಳೆಯನ್ನೂ ಉಳಿಸಲಾರನು, ಅಪಾಯ ಬಂದಾಗ ತನ್ನನ್ನೂ ಉಳಿಸಿಕೊಳ್ಳಲಾರನು. ಆದುದರಿಂದ ಅಟ್ಟಣೆಯಲ್ಲಿ ಬೆಳಕು, ಗಾಳಿ, ಮೊಬೈಲ್ ಚಾರ್ಜಿಂಗ್ ಮತ್ತು ಒಣ ಹಾಸಿಗೆಯನ್ನು ಒದಗಿಸುವುದು ಐಷಾರಾಮವಲ್ಲ; ಅದು ಬೆಳೆ ಸಂರಕ್ಷಣೆಯ ಒಂದು ಭಾಗವೇ ಆಗಿದೆ. ಕಡಿಮೆ ವೆಚ್ಚದ ಒಂದು ಸಣ್ಣ ಸೌರಘಟಕದಿಂದ ಇವನ್ನು ಪಡೆಯುವ ಬಗೆಯನ್ನೂ, ಅಟ್ಟಣೆಯ ಮೇಲೆ ಇಡಲೇಬಾರದ ವಸ್ತುಗಳು ಯಾವುವು ಎಂಬುದನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಅಟ್ಟಣೆ ಕಾವಲಿಗೆ, ಬೇಟೆಗಲ್ಲ

ಅಮೆರಿಕದಂತಹ ದೇಶಗಳಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವವರು ಮರೆಗೂಡುಗಳನ್ನು ಕಟ್ಟಿ, ಅವುಗಳಿಗೆ ಸೌರಫಲಕ, ಬೆಳಕು, ಕುರ್ಚಿ ಮುಂತಾದವನ್ನು ಅಳವಡಿಸಿಕೊಳ್ಳುತ್ತಾರೆ. ಇಂತಹ ಕೆಲವು ಸಲಕರಣೆಗಳು ಈಗ ನಮ್ಮಲ್ಲಿಯೂ ಆನ್‌ಲೈನ್ ಮೂಲಕ ದೊರೆಯುತ್ತವೆ. ಅವುಗಳ ಸೌರ ಉಪಕರಣಗಳು ನಮಗೂ ಉಪಯುಕ್ತವೇ. ಆದರೆ ಬೇಟೆಯ ಮರೆಗೂಡಿನ ಉದ್ದೇಶ ಮನುಷ್ಯನನ್ನು ಪ್ರಾಣಿಯ ಕಣ್ಣಿನಿಂದ ಮರೆಮಾಡುವುದು. ಕಾವಲು ಅಟ್ಟಣೆಯ ಉದ್ದೇಶ ಇದಕ್ಕೆ ತೀರಾ ವಿರುದ್ಧವಾದುದು. ಹೊಲದಲ್ಲಿ ಮನುಷ್ಯನಿದ್ದಾನೆಂದು ಪ್ರಾಣಿಗೆ ದೂರದಿಂದಲೇ ತಿಳಿಯಬೇಕು, ತಿಳಿದು ಅದು ಹಿಂದಿರುಗಬೇಕು.

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ವಿಷವಿಡುವುದು, ಉರುಳು ಹಾಕುವುದು, ಬಲೆಯಲ್ಲಿ ಹಿಡಿಯುವುದು, ಆಮಿಷವಿಟ್ಟು ಸೆಳೆಯುವುದು ಹಾಗೂ ಇವುಗಳಿಗೆ ಪ್ರಯತ್ನಿಸುವುದೂ ಬೇಟೆಯೇ. ಆದ್ದರಿಂದ ಪ್ರಾಣಿಗಳನ್ನು ಸೆಳೆಯುವ ಮೇವಿನ ಯಂತ್ರ, ಕೂಗಿನ ಯಂತ್ರ, ಉಪ್ಪಿನ ಗಡ್ಡೆ ಮುಂತಾದವನ್ನು ಅಟ್ಟಣೆಯ ಬಳಿ ಇಡಬಾರದು.

ಸ್ಥಳದ ಆಯ್ಕೆ ಮತ್ತು ರಚನೆ

ಕಾಡುಹಂದಿ ಹಾಗೂ ಜಿಂಕೆಗಳ ಹಾವಳಿ ಮಾತ್ರ ಇರುವೆಡೆ ನೆಲದಿಂದ 2.5 ರಿಂದ 3 ಮೀಟರ್ ಎತ್ತರದ ಅಟ್ಟಣೆ ಸಾಕಾಗುತ್ತದೆ. ಪ್ರಾಣಿಗಳು ಸಾಮಾನ್ಯವಾಗಿ ನುಗ್ಗುವ ದಾರಿ ಕಾಣುವಂತೆ, ಆದರೆ ಆ ದಾರಿಯಲ್ಲಿಯೇ ಅಲ್ಲದೆ ಒಂದು ಬದಿಗೆ ಅದನ್ನು ಕಟ್ಟಬೇಕು. ಅಟ್ಟಣೆಯಿಂದ ಮನೆಗೆ ಅಥವಾ ರಸ್ತೆಗೆ ಮರಳುವ ಕಾಲುದಾರಿಯು ಪ್ರಾಣಿಗಳು ಬರುವ ದಿಕ್ಕಿಗೆ ವಿರುದ್ಧವಾಗಿರಬೇಕು.

ಇಬ್ಬರು ವ್ಯಕ್ತಿಗಳಿಗೆ 2.4 ಮೀಟರ್ ಉದ್ದ, 1.8 ಮೀಟರ್ ಅಗಲದ ನೆಲ ಸೂಕ್ತ. ಒಬ್ಬನು ಮಲಗಿದಾಗ ಇನ್ನೊಬ್ಬನು ಕುಳಿತು ಕಾಯಲು ಇಷ್ಟು ಸ್ಥಳ ಸಾಕು. ಸುತ್ತಲೂ ಸುಮಾರು 1 ಮೀಟರ್ ಎತ್ತರದ ಅಡ್ಡಗಂಬಿಗಳನ್ನು ಬಿಗಿಯಬೇಕು; ನಿದ್ದೆಗಣ್ಣಿನಲ್ಲಿ ಕೆಳಗೆ ಬೀಳುವುದನ್ನು ಇದು ತಪ್ಪಿಸುತ್ತದೆ. ಮರದ ಕಂಬಗಳನ್ನು ಬಳಸುವುದಾದರೆ ನೆಲದೊಳಗೆ ಹೋಗುವ ಭಾಗಕ್ಕೆ ಡಾಂಬರು ಬಳಿದು ಗೆದ್ದಲಿನಿಂದ ರಕ್ಷಿಸಬೇಕು. ಪ್ರತಿ ವರ್ಷ ಕಾವಲು ಆರಂಭಿಸುವ ಮುನ್ನ ಕಂಬ, ಹಗ್ಗ, ಮೊಳೆ ಹಾಗೂ ಏಣಿಯ ಮೆಟ್ಟಿಲುಗಳನ್ನು ಹಗಲಿನಲ್ಲಿ ಪರೀಕ್ಷಿಸುವುದು ಕಡ್ಡಾಯ.

ಆನೆಗಳು ಓಡಾಡುವ ಪ್ರದೇಶದಲ್ಲಿ ಒಂದು ಮಾತನ್ನು ಮರೆಯಬಾರದು: ಕಂಬಗಳ ಮೇಲಿನ ಅಟ್ಟಣೆ ಆನೆಯಿಂದ ರಕ್ಷಣೆ ನೀಡುವುದಿಲ್ಲ. ಆನೆಯ ಸೊಂಡಿಲು 5 ಮೀಟರಿಗೂ ಮೇಲೆ ಎಟುಕಬಲ್ಲದು. ಸಾಧಾರಣ ಕಂಬಗಳನ್ನು ಅದು ಸುಲಭವಾಗಿ ಕೆಡವಬಲ್ಲದು. ಆನೆ ಬಂದಿರುವ ಸುದ್ದಿ ತಿಳಿದ ರಾತ್ರಿ ಅಟ್ಟಣೆಗೆ ಹೋಗದಿರುವುದೇ ವಿವೇಕ.

ವಿದ್ಯುತ್ ಅಗತ್ಯದ ಲೆಕ್ಕ

ಸೌರಫಲಕ ಕೊಳ್ಳುವ ಮೊದಲು ಒಂದು ರಾತ್ರಿಗೆ ಎಷ್ಟು ವಿದ್ಯುತ್ ಬೇಕೆಂದು ಲೆಕ್ಕ ಹಾಕಬೇಕು. ಉಪಕರಣದ ವ್ಯಾಟ್ ಪ್ರಮಾಣವನ್ನು ಬಳಸುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಗಂಟೆ ದೊರೆಯುತ್ತದೆ. ಇಬ್ಬರು ಕಾಯುವ ಅಟ್ಟಣೆಯೊಂದರ ಮಾದರಿ ಲೆಕ್ಕ ಹೀಗಿದೆ:

- ಒಳಗಿನ ಎಲ್‌ಇಡಿ ದೀಪ: 3 ವ್ಯಾಟ್, 4 ಗಂಟೆ – 12 ವ್ಯಾಟ್-ಗಂಟೆ
- ಹೊಲದ ಕಡೆಗಿನ 2 ಎಲ್‌ಇಡಿ ದೀಪಗಳು: ತಲಾ 10 ವ್ಯಾಟ್, ಬಿಟ್ಟುಬಿಟ್ಟು ಒಟ್ಟು 2 ಗಂಟೆ – 40 ವ್ಯಾಟ್-ಗಂಟೆ
- ಮೊಬೈಲ್ ಚಾರ್ಜಿಂಗ್ – 15 ವ್ಯಾಟ್-ಗಂಟೆ
- ಟಾರ್ಚ್ ಚಾರ್ಜಿಂಗ್ – 10 ವ್ಯಾಟ್-ಗಂಟೆ
- ರೇಡಿಯೋ ಅಥವಾ ಸಣ್ಣ ಧ್ವನಿಪೆಟ್ಟಿಗೆ: 5 ವ್ಯಾಟ್, 2 ಗಂಟೆ – 10 ವ್ಯಾಟ್-ಗಂಟೆ
- ಡಿ.ಸಿ. ಫ್ಯಾನ್: 15 ವ್ಯಾಟ್, 8 ಗಂಟೆ – 120 ವ್ಯಾಟ್-ಗಂಟೆ

ಒಟ್ಟು 207 ವ್ಯಾಟ್-ಗಂಟೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫ್ಯಾನಿನದೇ ಎಂಬುದನ್ನು ಗಮನಿಸಬೇಕು. ಫ್ಯಾನನ್ನು ಬಿಟ್ಟರೆ ಬೇಕಾಗುವುದು ಕೇವಲ 87 ವ್ಯಾಟ್-ಗಂಟೆ.

ಸೌರಫಲಕದ ಗಾತ್ರ

ಫಲಕದ ಮೇಲಿನ ಧೂಳು, ಬಿಸಿ, ತಂತಿ ಹಾಗೂ ಬ್ಯಾಟರಿಯಲ್ಲಿನ ನಷ್ಟಗಳನ್ನು ಕಳೆದರೆ ಫಲಕದ ನಮೂದಿತ ಸಾಮರ್ಥ್ಯದ ಸುಮಾರು ಶೇ. 70 ಭಾಗ ಬಳಕೆಗೆ ದೊರೆಯುತ್ತದೆಂದು ಅಂದಾಜಿಸಬಹುದು. ಬೇಸಿಗೆಯಲ್ಲಿ ದಿನಕ್ಕೆ 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆಯುತ್ತದೆಂದು ಭಾವಿಸಿದರೆ, 207 ವ್ಯಾಟ್-ಗಂಟೆಗೆ ಸುಮಾರು 60 ವ್ಯಾಟ್ ಫಲಕ ಬೇಕು. ಮೋಡ ಕವಿದ ಮಳೆಗಾಲದಲ್ಲಿ ಇದನ್ನು 2.5 ಗಂಟೆ ಎಂದು ಹಿಡಿದರೂ, ಆಗ ಫ್ಯಾನ್ ಬೇಕಾಗದ ಕಾರಣ 87 ವ್ಯಾಟ್-ಗಂಟೆಗೆ ಸುಮಾರು 50 ವ್ಯಾಟ್ ಸಾಕು. ಹೀಗಾಗಿ 75 ವ್ಯಾಟಿನ ಒಂದೇ ಫಲಕ ಎರಡೂ ಕಾಲಗಳಿಗೆ ಸಾಲುತ್ತದೆ. ಬಿಸಿಲು ಕಡಿಮೆ ಇರುವಾಗ ಬೇಡಿಕೆಯೂ ಕಡಿಮೆ ಇರುವುದು ಈ ಘಟಕದ ಅನುಕೂಲ. ಮಳೆಗಾಲದಲ್ಲಿಯೂ ಫ್ಯಾನ್ ಬಳಸಲೇಬೇಕೆನ್ನುವವರು 125 ವ್ಯಾಟ್ ಫಲಕವನ್ನು ಆರಿಸಿಕೊಳ್ಳಬೇಕು.

ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸಬೇಕು. ಈ ಓರೆಯಿಂದ ಮಳೆನೀರು ಹರಿದು ಧೂಳೂ ತೊಳೆದುಹೋಗುತ್ತದೆ. ಒಂದು ಕೊಂಬೆಯ ನೆರಳು ಫಲಕದ ಮೂಲೆಯ ಮೇಲೆ ಬಿದ್ದರೂ ಉತ್ಪಾದನೆ ಗಣನೀಯವಾಗಿ ಕುಗ್ಗುತ್ತದೆ. ಅಟ್ಟಣೆ ಮರದ ನೆರಳಿನಲ್ಲಿದ್ದರೆ ಫಲಕವನ್ನು ಬಿಸಿಲು ಬೀಳುವೆಡೆ ಬೇರೆ ಕಂಬದ ಮೇಲೆ ನಿಲ್ಲಿಸಬೇಕು. ಕೋತಿಗಳ ಕಾಟವಿರುವಲ್ಲಿ ತಂತಿಗಳು ಜೋತುಬೀಳದಂತೆ ಕೊಳವೆಯೊಳಗೆ ಹಾಯಿಸುವುದು ಅಗತ್ಯ.

ಬ್ಯಾಟರಿಯ ಆಯ್ಕೆ

ಬಿಸಿಲಿಲ್ಲದಿದ್ದರೂ ಎರಡು ರಾತ್ರಿ ನಡೆಯುವಷ್ಟು ಸಂಗ್ರಹ ಇರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 12.8 ವೋಲ್ಟ್, 40 ಆಂಪಿಯರ್-ಗಂಟೆ ಸಾಮರ್ಥ್ಯ ಸಾಕು. ಅದರ ಶೇ. 80 ಭಾಗವನ್ನು ಬಳಸಬಹುದಾದ ಕಾರಣ, ಫ್ಯಾನ್ ಇಲ್ಲದ ಮಳೆಗಾಲದಲ್ಲಿ ಒಂದಿಷ್ಟೂ ಬಿಸಿಲಿಲ್ಲದೆಯೇ ನಾಲ್ಕು ರಾತ್ರಿ ನಡೆಯುತ್ತದೆ. ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಆದ್ದರಿಂದ ಅದು 12 ವೋಲ್ಟ್, 75 ಆಂಪಿಯರ್-ಗಂಟೆಯದಾಗಿರಬೇಕು. ಕೊಳ್ಳುವಾಗ ಇದರ ಬೆಲೆ ಕಡಿಮೆಯಾದರೂ ತೂಕ ಹೆಚ್ಚು. ಬೆಳೆ ಮುಗಿದ ಮೇಲೆ ಬಿಚ್ಚಿ ಮನೆಗೆ ಒಯ್ಯಬೇಕಾದವರಿಗೆ ಹಗುರವಾದ ಲಿಥಿಯಂ ಬ್ಯಾಟರಿ ಅನುಕೂಲಕರ.

ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹತ್ತಬಲ್ಲ ಅನಿಲ ಹೊರಬರುತ್ತದೆ. ಅದನ್ನು ಮಲಗುವ ಜಾಗದಲ್ಲಿ ಇಡದೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಅಟ್ಟಣೆಯ ಕೆಳಬದಿಯ ಅಡ್ಡದ ಮೇಲೆ ನೆಲದಿಂದ ಎತ್ತರದಲ್ಲಿ ಇಡಬೇಕು. ಯಾವುದೇ ಬ್ಯಾಟರಿಯನ್ನು ಕಾದ ತಗಡಿನ ಕೆಳಗೆ ಇಡಬಾರದು.

ಕಂಟ್ರೋಲರ್, ಫ್ಯೂಸ್ ಮತ್ತು ತಂತಿ

ಫಲಕ ಮತ್ತು ಬ್ಯಾಟರಿಗಳ ನಡುವೆ 10 ಆಂಪಿಯರಿನ ಚಾರ್ಜ್ ಕಂಟ್ರೋಲರ್ ಇರಲೇಬೇಕು. 12 ವೋಲ್ಟ್ ಬ್ಯಾಟರಿಗೆಂದು ಮಾರುವ 36 ಕೋಶಗಳ ಫಲಕಕ್ಕೆ ಸಾಮಾನ್ಯ ಪಿಡಬ್ಲ್ಯೂಎಂ ಕಂಟ್ರೋಲರ್ ಸಾಕು. ಮನೆಯ ಮಾಳಿಗೆಯ ಮೇಲಿಡುವ ದೊಡ್ಡ ಫಲಕವನ್ನು ಬಳಸುವುದಾದರೆ, ಅದರ ವೋಲ್ಟೇಜ್ ಹಾಗೂ ಸಾಮರ್ಥ್ಯಕ್ಕೆ ತಕ್ಕ ಎಂಪಿಪಿಟಿ ಕಂಟ್ರೋಲರ್ ಬೇಕು. ಲಿಥಿಯಂ ಬ್ಯಾಟರಿಗೆ ಜೋಡಿಸುವಾಗ ಕಂಟ್ರೋಲರನ್ನು ಆ ಬಗೆಗೆ ಹೊಂದಿಸಿದೆಯೇ ಎಂದು ಅಂಗಡಿಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಬಳಿಕ ಫಲಕ. ಬಿಚ್ಚುವಾಗ ಮೊದಲು ಫಲಕ, ಬಳಿಕ ಬ್ಯಾಟರಿ – ಈ ಕ್ರಮ ತಪ್ಪಬಾರದು.

ಬ್ಯಾಟರಿಯ ಧನ ತುದಿಯ ಸಮೀಪದಲ್ಲಿಯೇ 10 ಆಂಪಿಯರಿನ ಫ್ಯೂಸ್ ಹಾಕಬೇಕು. ಇಲಿ ಕಡಿದ ತಂತಿಗಳು ಪರಸ್ಪರ ತಗುಲಿದಾಗ ಹುಲ್ಲಿನ ಮಾಡಿಗೆ ಬೆಂಕಿ ಹತ್ತದಂತೆ ತಡೆಯುವುದು ಈ ಸಣ್ಣ ವಸ್ತುವೇ. ತಂತಿಯು 2.5 ಚದರ ಮಿಲಿಮೀಟರಿನ ತಾಮ್ರದ್ದಾಗಿರಬೇಕು. 10 ಮೀಟರ್ ದೂರಕ್ಕೆ 5 ಆಂಪಿಯರ್ ಹರಿದರೆ ಈ ತಂತಿಯಲ್ಲಿ ಸುಮಾರು 0.75 ವೋಲ್ಟ್ ಮಾತ್ರ ನಷ್ಟವಾಗುತ್ತದೆ. 1 ಚದರ ಮಿಲಿಮೀಟರಿನ ತಂತಿಯಲ್ಲಾದರೆ 1.8 ವೋಲ್ಟ್ ನಷ್ಟವಾಗಿ ದೀಪ ಮಂಕಾಗುತ್ತದೆ, ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ.

ಎಲ್ಲ ಉಪಕರಣಗಳೂ 12 ವೋಲ್ಟ್ ಡಿ.ಸಿ. ಆಗಿರುವುದು ಒಳ್ಳೆಯದು. ಇನ್ವರ್ಟರ್ ಬಳಸಿ 230 ವೋಲ್ಟ್ ಮಾಡಿಕೊಂಡರೆ ವಿದ್ಯುತ್ ವ್ಯರ್ಥವಾಗುವುದಲ್ಲದೆ, ಮಳೆಯಲ್ಲಿ ನೆನೆದ ಅಟ್ಟಣೆಯ ಮೇಲೆ ಪ್ರಾಣಾಪಾಯವೂ ಉಂಟು. ನೀರು ಕಾಯಿಸುವ ವಿದ್ಯುತ್ ಕೆಟಲ್, ಹೀಟರ್ ಮುಂತಾದವು ಈ ಘಟಕದ ಶಕ್ತಿಗೆ ಮೀರಿದವು.

ದೀಪಗಳನ್ನು ಬಳಸುವ ಬಗೆ

ಹೆಚ್ಚು ಬೆಳಕು ಹೆಚ್ಚು ರಕ್ಷಣೆ ನೀಡುತ್ತದೆಂಬುದು ತಪ್ಪು ಕಲ್ಪನೆ. ಕತ್ತಲೆಗೆ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು 20 ರಿಂದ 30 ನಿಮಿಷ ಬೇಕು. ಪ್ರಖರ ದೀಪವನ್ನು ಒಮ್ಮೆ ನೋಡಿದರೆ ಆ ಹೊಂದಾಣಿಕೆ ಕ್ಷಣದಲ್ಲಿ ಕೆಡುತ್ತದೆ. ಒಳಗೆ ಬಿಳಿ ದೀಪ ಉರಿಯುತ್ತಿದ್ದರೆ ಹೊರಗಿನ ಹೊಲ ಕಾವಲುಗಾರನಿಗೆ ಕಪ್ಪು ಗೋಡೆಯಂತೆ ಕಾಣುತ್ತದೆ. ಆದುದರಿಂದ ಒಳದೀಪವು ಮಂದವಾಗಿ, ಮರೆ ಹಾಕಿದ್ದಾಗಿ, ಸಾಧ್ಯವಾದರೆ ಕೆಂಪು ಬಣ್ಣದ್ದಾಗಿರಬೇಕು. ಏಣಿಯ ಬುಡಕ್ಕೆ ಬೆಳಕು ಬೀಳುವಂತೆ ಇನ್ನೊಂದು ಸಣ್ಣ ದೀಪವಿದ್ದರೆ ಇಳಿಯುವಾಗ ಹಾವು, ಚೇಳುಗಳನ್ನು ನೋಡಿ ಹೆಜ್ಜೆಯಿಡಬಹುದು.

ಹೊರಗಿನ ದೀಪಗಳನ್ನು ರಾತ್ರಿಯಿಡೀ ಉರಿಸಬಾರದು. ಒಂದೇ ಕಡೆ ಒಂದೇ ಸಮನೆ ಉರಿಯುವ ದೀಪಕ್ಕೆ ಹಂದಿ ಹಾಗೂ ಜಿಂಕೆಗಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಬಿಟ್ಟುಬಿಟ್ಟು ಬೆಳಗಿಸುವುದು, ಆಗಾಗ್ಗೆ ದಿಕ್ಕು ಮತ್ತು ಸ್ಥಳ ಬದಲಿಸುವುದು, ಬೆಳಕಿನೊಡನೆ ಮನುಷ್ಯನ ಕೂಗು ಅಥವಾ ತಮಟೆಯ ಸದ್ದು ಸೇರಿಸುವುದು ಹೆಚ್ಚು ಪರಿಣಾಮಕಾರಿ. ಧ್ವನಿಪೆಟ್ಟಿಗೆಯ ಸದ್ದಿಗೂ ಇದೇ ನಿಯಮ ಅನ್ವಯಿಸುತ್ತದೆ. ಪ್ರಾಣಿಗಳು ನುಗ್ಗುವ ಬದುವಿನಲ್ಲಿ, ಚಲನೆ ಕಂಡಾಗ ತಾನಾಗಿ ಹೊತ್ತಿಕೊಳ್ಳುವ ಸಣ್ಣ ಸೌರದೀಪಗಳನ್ನು ನೆಡಬಹುದು. ಗಾಳಿಗೆ ಆಡುವ ಗರಿಗಳು ಅದರ ಎದುರಿಗೆ ಬಾರದಂತೆ ಸುತ್ತಲಿನ ಗಿಡಗಂಟೆ ಸವರಬೇಕು.

ಆನೆ ಕಂಡಾಗ ಪ್ರಖರ ಬೆಳಕನ್ನು ಅದರ ಕಣ್ಣಿಗೆ ಬಿಡುತ್ತ ಕೆರಳಿಸುವುದು ಅತ್ಯಂತ ಅಪಾಯಕಾರಿ. ಅದು ಹೋಗಲು ದಾರಿ ಬಿಟ್ಟು ದೂರವಿರಬೇಕು.

ಸೌರಬೇಲಿಯನ್ನು ಬೇರೆಯಾಗಿಡಿ

ಹೊಲಕ್ಕೆ ಸೌರಬೇಲಿ ಇದ್ದರೆ ಅದರ ಎನರ್ಜೈಸರ್, ಬ್ಯಾಟರಿ ಹಾಗೂ ಭೂಸಂಪರ್ಕಗಳನ್ನು ಅಟ್ಟಣೆಯ ಘಟಕದೊಡನೆ ಬೆರೆಸಬಾರದು. ಎನರ್ಜೈಸರ್ ಬೇಲಿಗೆ ಬಿಡುವುದು ಕ್ಷಣಮಾತ್ರದ ಮಿಡಿತಗಳನ್ನು. ಅದು ಪ್ರಾಣಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಇದಕ್ಕೆ ಬದಲಾಗಿ ಪಂಪ್‌ಸೆಟ್ಟಿನ ಅಥವಾ ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಘೋರ ಅಪರಾಧ. ಇಂತಹ ಬೇಲಿಗೆ ಆನೆಗಳಷ್ಟೇ ಅಲ್ಲ, ಹಾಕಿದವರ ಮನೆಯವರೂ ನೆರೆಹೊರೆಯವರೂ ಬಲಿಯಾದದ್ದುಂಟು.

ಕಾವಲುಗಾರನ ಸೌಕರ್ಯಗಳು

1. ನಿದ್ದೆ: ಒಬ್ಬರೇ ಕಾಯಬಾರದು. ಇಬ್ಬರಿದ್ದು ನಾಲ್ಕು ಗಂಟೆಗೊಮ್ಮೆ ಸರದಿ ಬದಲಿಸುವುದು ಉತ್ತಮ. ಅಕ್ಕಪಕ್ಕದ ಹೊಲದವರು ಸೇರಿ ವಾರದ ಪಾಳಿ ಮಾಡಿಕೊಂಡರೆ ಪ್ರತಿ ಮನೆಗೂ ಕೆಲವು ರಾತ್ರಿಗಳ ಪೂರ್ಣ ನಿದ್ದೆ ದೊರೆಯುತ್ತದೆ.

2. ಹಾಸಿಗೆ: ಹಲಗೆಯ ಮೇಲೆ ದಪ್ಪ ಚಾಪೆ, ಕಂಬಳಿ ಹಾಗೂ ಸೊಳ್ಳೆಪರದೆ ಇರಬೇಕು. ಕಾಡಿನಿಂದ ತಂದ ತರಗೆಲೆಯನ್ನು ಹಾಸಿಗೆಗೆ ಬಳಸಬಾರದು. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಶಿವಮೊಗ್ಗ, ಉತ್ತರ ಕನ್ನಡ ಹಾಗೂ ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತರಗೆಲೆಯೊಡನೆ ಸೋಂಕಿತ ಉಣ್ಣೆಗಳು ಬರುವ ಅಪಾಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಲೇಪಿಸಿಕೊಂಡು ಹೋಗಬೇಕು.

3. ಬೆಚ್ಚಗೆ: ಚಳಿಗೆ ಕಂಬಳಿ, ಟೊಪ್ಪಿಗೆ ಹಾಗೂ ಗಾಳಿಯ ದಿಕ್ಕಿಗೆ ಕಟ್ಟಿದ ತಾಡಪಾಲು ಸಾಕು. ಅಟ್ಟಣೆಯ ಮೇಲೆ ಕೆಂಡದ ಕುಂಡ ಇಡಬಾರದು. ಮಾಡಿಗೆ ಬೆಂಕಿ ತಗಲುವುದಲ್ಲದೆ, ಸುತ್ತಲೂ ಮುಚ್ಚಿದ ಜಾಗದಲ್ಲಿ ಕೆಂಡದ ವಿಷಾನಿಲ ನಿದ್ದೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ಪಟಾಕಿಯನ್ನೂ ಮೇಲಿಡಬಾರದು.

4. ಆಹಾರ: ಊಟವನ್ನು ಮನೆಯಲ್ಲಿಯೇ ಮುಗಿಸಿ, ನೀರು ಮತ್ತು ಫ್ಲಾಸ್ಕಿನಲ್ಲಿ ಚಹಾ ಒಯ್ದರೆ ಸಾಕು. ಆನೆಯ ಸಂಚಾರವಿರುವೆಡೆ ಅಕ್ಕಿ, ಬೆಲ್ಲ, ಉಪ್ಪು, ಬಾಳೆ, ಹಲಸುಗಳ ವಾಸನೆ ಅದನ್ನು ಅಟ್ಟಣೆಯ ಬಳಿಗೇ ಕರೆತರಬಹುದು. ಮದ್ಯ ಸೇವಿಸಿ ಕಾವಲಿಗೆ ಹೋಗುವುದು ಅನೇಕ ದುರಂತಗಳಿಗೆ ದಾರಿ.

5. ಮೊಬೈಲ್: ಮೇಲಿನ ಲೆಕ್ಕದಲ್ಲಿ ಮೊಬೈಲಿಗೆ ಹಿಡಿದದ್ದು 15 ವ್ಯಾಟ್-ಗಂಟೆ ಮಾತ್ರ. ಆದರೆ ಜೀವ ಉಳಿಸುವ ವಿದ್ಯುತ್ ಇದೇ. ಬ್ಯಾಟರಿ ತಗ್ಗಿದಾಗ ಮೊದಲು ಫ್ಯಾನ್, ಬಳಿಕ ಹೊರದೀಪ ಆರಿಸಿ, ಮೊಬೈಲ್ ಹಾಗೂ ಟಾರ್ಚಿಗೆ ವಿದ್ಯುತ್ ಉಳಿಸಬೇಕು. ಹಾಸನ, ಕೊಡಗು ಭಾಗಗಳಲ್ಲಿ ಅರಣ್ಯ ಇಲಾಖೆಯು ಆನೆಗಳ ಚಲನವಲನದ ಮಾಹಿತಿಯನ್ನು ಮೊಬೈಲ್ ಸಂದೇಶಗಳ ಮೂಲಕ ನೀಡುತ್ತದೆ. ಅರಣ್ಯ ಸಹಾಯವಾಣಿ 1926 ಹಾಗೂ ಸ್ಥಳೀಯ ವಲಯ ಅರಣ್ಯ ಕಚೇರಿಯ ಸಂಖ್ಯೆಗಳನ್ನು ಮೊಬೈಲಿನಲ್ಲಿ ಉಳಿಸಿಕೊಂಡಿರಬೇಕು. ಅಟ್ಟಣೆಯಲ್ಲಿ ಸಂಪರ್ಕ ಸಿಗದಿದ್ದರೆ ಸೀಟಿಯೊಂದನ್ನು ಇಟ್ಟುಕೊಂಡು, ಎಷ್ಟು ಬಾರಿ ಊದಿದರೆ ಏನರ್ಥವೆಂದು ನೆರೆಯವರೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸಿಡಿಲಿನ ಎಚ್ಚರಿಕೆ

ಬಯಲಿನಲ್ಲಿ ಎತ್ತರಕ್ಕೆ ನಿಂತ ಅಟ್ಟಣೆಗೆ ಹಾಗೂ ಒಂಟಿ ಮರಕ್ಕೆ ಸಿಡಿಲಿನ ಅಪಾಯ ಹೆಚ್ಚು. ಏಪ್ರಿಲ್–ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿಯೂ, ಹಿಂಗಾರಿನ ಸಂಜೆಗಳಲ್ಲಿಯೂ ವಿಶೇಷ ಎಚ್ಚರ ಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೆ ಇದೆಯೆಂದು ತಿಳಿದು, ಕೂಡಲೇ ಇಳಿದು ಪಕ್ಕಾ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮರಳಬಾರದು. ಮರದ ಕೆಳಗೆ ನಿಲ್ಲಬಾರದು. ಫಲಕ, ತಂತಿ, ಕಬ್ಬಿಣದ ಏಣಿಗಳನ್ನು ಮುಟ್ಟುತ್ತ ನಿಲ್ಲಬಾರದು. ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಹಾಗೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ನಿರ್ವಹಣೆ

- ಹದಿನೈದು ದಿನಗಳಿಗೊಮ್ಮೆ, ಬೆಳಗಿನ ತಂಪಿನಲ್ಲಿ ಮೆತ್ತನೆ ಬಟ್ಟೆ ಹಾಗೂ ನೀರಿನಿಂದ ಫಲಕವನ್ನು ಒರೆಸಬೇಕು.
- ಸೀಸ-ಆಮ್ಲದ ಬ್ಯಾಟರಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ, ಬಟ್ಟಿ ಇಳಿಸಿದ ನೀರನ್ನು ಮಾತ್ರ ತುಂಬಬೇಕು.
- ತುದಿಗಳಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಶುಚಿಗೊಳಿಸಿ ವ್ಯಾಸಲೀನ್ ಸವರಬೇಕು.
- ಫ್ಯೂಸ್ ಸುಟ್ಟುಹೋದರೆ ಅದರ ಬದಲು ತಂತಿಯ ಎಳೆ ಸುತ್ತದೆ, ಕಾರಣ ಹುಡುಕಿ ಹೊಸ ಫ್ಯೂಸ್ ಹಾಕಬೇಕು.
- ಕೊಯ್ಲಿನ ನಂತರ ಘಟಕವನ್ನು ಬಿಚ್ಚಿ ಮನೆಗೆ ತಂದು ಬಳಸಬಹುದು. ಬಳಸದೆ ಇಡುವುದಾದರೆ ಸೀಸ-ಆಮ್ಲದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಆಗಾಗ್ಗೆ ಚಾರ್ಜ್ ಮಾಡುತ್ತಿರಬೇಕು. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ ತಂಪಾದೆಡೆ ಇಡಬೇಕು.

ಬೆಳೆ ಹಾನಿಯಾದಾಗ

ಎಷ್ಟೇ ಕಾದರೂ ಹಾನಿಯಾಗುವುದುಂಟು. ವನ್ಯಪ್ರಾಣಿಗಳಿಂದ ಬೆಳೆ ನಷ್ಟವಾದಾಗ ಅರಣ್ಯ ಇಲಾಖೆಯು ನಿಯಮಾನುಸಾರ ದಯಾತ್ಮಕ ಧನ ನೀಡುತ್ತದೆ. ಹಾನಿಯಾದ ಭಾಗವನ್ನು ಕೂಡಲೇ ಕೊಯ್ದು ತೆಗೆಯದೆ, ಹೆಜ್ಜೆಗುರುತು ಸಹಿತ ಮೊಬೈಲಿನಲ್ಲಿ ಚಿತ್ರ ತೆಗೆದು, ತಡಮಾಡದೆ ವಲಯ ಅರಣ್ಯ ಕಚೇರಿಗೆ ಪಹಣಿ ಮತ್ತಿತರ ದಾಖಲೆಗಳೊಡನೆ ಅರ್ಜಿ ಸಲ್ಲಿಸಬೇಕು. ಸೌರಬೇಲಿಗೆ ದೊರೆಯಬಹುದಾದ ಸಹಾಯಧನದ ವಿವರವನ್ನೂ ಅಲ್ಲಿಯೇ ವಿಚಾರಿಸಬಹುದು. ಸಹಾಯಧನವನ್ನು ಮತ್ತೆ ಪಡೆಯಬಹುದು, ಬೆಳೆಯನ್ನು ಮತ್ತೆ ಬೆಳೆಯಬಹುದು. ಹೋದ ಜೀವ ಮರಳದು. ಪ್ರಾಣಿ ಎದುರಾದ ಕ್ಷಣದಲ್ಲಿ ಬೆಳೆಯನ್ನು ಬಿಟ್ಟು ಹಿಂದೆ ಸರಿಯುವುದು ಹೇಡಿತನವಲ್ಲವೆಂದು ಮನೆಯ ಯುವಕರಿಗೆ ಹಿರಿಯರು ತಿಳಿಹೇಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮ ಮಟ್ಟದ ತರಬೇತಿಗಳಲ್ಲಿ ವಿದ್ಯುತ್ ಲೆಕ್ಕವನ್ನು ರೈತರಿಂದಲೇ ಮಾಡಿಸಿದರೆ ಅಗತ್ಯಕ್ಕಿಂತ ದೊಡ್ಡ ಘಟಕ ಕೊಂಡು ಸಾಲಕ್ಕೆ ಬೀಳುವುದು ತಪ್ಪುತ್ತದೆ. ಒಂದು ಅಟ್ಟಣೆಗೆ ಮಾದರಿಯಾಗಿ ಘಟಕ ಅಳವಡಿಸಿ, ಫ್ಯೂಸ್ ಹಾಕುವುದನ್ನೂ ಜೋಡಣೆಯ ಕ್ರಮವನ್ನೂ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಬೇಕು. ಅರಣ್ಯ ಸಿಬ್ಬಂದಿಯನ್ನು ಸಭೆಗೆ ಆಹ್ವಾನಿಸಿ, ಪಾಳಿಯ ಪಟ್ಟಿ ಹಾಗೂ ತುರ್ತು ಸಂಖ್ಯೆಗಳನ್ನು ಪ್ರತಿ ಅಟ್ಟಣೆಯಲ್ಲಿ ಬರೆದು ತೂಗುಹಾಕಿಸುವುದು ಉಪಯುಕ್ತ.

ಒಟ್ಟಿನಲ್ಲಿ, 75 ವ್ಯಾಟಿನ ಒಂದು ಫಲಕ, ತಕ್ಕ ಬ್ಯಾಟರಿ, ಒಂದು ಫ್ಯೂಸ್, ಮಂದವಾದ ಒಳದೀಪ, ಒಣ ಹಾಸಿಗೆ, ಜೊತೆಗೊಬ್ಬ ಸಂಗಾತಿ ಹಾಗೂ ಹಿಂದಿರುಗಲು ಸುರಕ್ಷಿತ ದಾರಿ – ಇಷ್ಟಿದ್ದರೆ ಅಟ್ಟಣೆ ಸಜ್ಜಾದಂತೆಯೇ. ಕಾಯುವವನು ಕ್ಷೇಮವಾಗಿ ಮನೆಗೆ ಮರಳಿದ ಕಾವಲೇ ಯಶಸ್ವಿ ಕಾವಲು.